ಬಸ್ ಸ್ಟಾಪಿನಲ್ಲಿ ನಿಂತ ಸೊಸೆ

ಕೊರೊನಾ ಬಂದ ವರ್ಷ, ನೆದರ್‌ಲ್ಯಾಂಡ್ಸಿನ ಆಮರ್ಸ್‌ಫೋರ್ಟಿನಲ್ಲಿ ನಾನು ದುಡಿಯುತ್ತಿದ್ದ ಸಣ್ಣ ಜಾಹೀರಾತು ಕಂಪನಿಗೆ ಮಾರ್ಚ್ ತಿಂಗಳಲ್ಲಿ ಕೆಲಸವೇ ಇಲ್ಲದಂತಾಯಿತು. ಪ್ರವಾಸ ಕಂಪನಿಯವರು ಕೈಯೆತ್ತಿದರು, ಸೋಫಾ ಮಾರುವವರು ಕೈಯೆತ್ತಿದರು, ಸಂಗೀತೋತ್ಸವದವರು ಫೋನೇ ಎತ್ತಲಿಲ್ಲ. ನಾವು ನಾಲ್ಕಾರು ಜನ ನಮ್ಮ ನಮ್ಮ ಅಡುಗೆಮನೆಯ ಟೇಬಲ್ಲಿನಿಂದ ಲ್ಯಾಪ್‌ಟಾಪಿನೊಳಗೆ ಇಣುಕಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೆವು. ಆಗ ಬಂದದ್ದು ಒಂದೇ ಒಂದು ಕೆಲಸ. ವಯಸ್ಸಾದವರ ಆರೈಕೆಮನೆಗಳನ್ನು ನಡೆಸುವ ಸಂಸ್ಥೆಯೊಂದರಲ್ಲಿ ಸಿಬ್ಬಂದಿಯೇ ಕಾಯಿಲೆ ಬಿದ್ದಿದ್ದರು. ಓದು ಬೇಡ, ಅನುಭವ ಬೇಡ, ಊಟ ತಿನ್ನಿಸುವುದಕ್ಕೆ, ಪಕ್ಕದಲ್ಲಿ ಕೂರುವುದಕ್ಕೆ ಜನ ಬಂದರೆ ಸಾಕು ಅನ್ನುವ ಸ್ಥಿತಿ. ವಾರದೊಳಗೆ ಸುತ್ತಮುತ್ತಲ ಊರುಗಳ ಬಸ್ ಸ್ಟಾಪುಗಳಲ್ಲೆಲ್ಲ ಪೋಸ್ಟರ್ ಹಾಕಬೇಕೆಂದು ಕೇಳಿದರು. ಇಲ್ಲಿ ಬಸ್ ಸ್ಟಾಪಿನ ಗೋಡೆಯೇ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಆಳೆತ್ತರದ ಪೋಸ್ಟರ್ ನಿಲ್ಲಿಸಿ ಬೀಗ ಹಾಕುತ್ತಾರೆ.

ನಮ್ಮ ಬಾಸ್ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ಸದಾ ಉತ್ಸಾಹದ ಮನುಷ್ಯ. ಅವನ ಉತ್ಸಾಹ ಕಂಡರೆ ನನಗೆ ಸುಸ್ತಾಗುತ್ತದೆ. “ಟಿವಿಯಲ್ಲಿ ಎಲ್ಲರೂ ಇದನ್ನು ಯುದ್ಧ ಅಂತಿದ್ದಾರೆ. ಸರಿ, ಯುದ್ಧದ ಪೋಸ್ಟರನ್ನೇ ಮಾಡೋಣ” ಅಂದ. ಗಂಡಸರು ಎರಡನೇ ಮಹಾಯುದ್ಧಕ್ಕೆ ಹೋದಾಗ ಹೆಂಗಸರನ್ನು ಕಾರ್ಖಾನೆಗೆ ಕರೆಯಲು ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ಒಂದೊಂದಾಗಿ ತೆರೆಯ ಮೇಲೆ ತೋರಿಸಿದ. ತಲೆಗೆ ಬಟ್ಟೆ ಕಟ್ಟಿದ, ಅಂಗಿ ತೋಳು ಮಡಚಿದ, ನೇರ ಕಣ್ಣಿನ ಹೆಂಗಸರು. ನೆದರ್‌ಲ್ಯಾಂಡ್ಸಿನಲ್ಲಿ ಆಗ ಜರ್ಮನರು ದೇಶ ಹಿಡಿದು ಕೂತಿದ್ದರಿಂದ ಗೋಡೆಗಳ ಮೇಲೆ ಬರುತ್ತಿದ್ದದ್ದು ಅವರ ಹುಕುಂಗಳಂತೆ. ಹಾಗಾಗಿ ಧೈರ್ಯವನ್ನು ಸಮುದ್ರದಾಚೆಯಿಂದ ಎರವಲು ತರೋಣ ಅಂದ.

ನನಗೆ ಆ ಚಿತ್ರಗಳು ಹೊಸವಲ್ಲ. ಮೈಸೂರಿನಲ್ಲಿ ಕಲಾಶಾಲೆಯಲ್ಲಿದ್ದಾಗ ನಮ್ಮ ಮೇಷ್ಟ್ರು ಅವುಗಳ ಮಸಕು ಜೆರಾಕ್ಸನ್ನು ಬೋರ್ಡಿಗೆ ಸಿಕ್ಕಿಸಿ, “ಈ ಹೆಂಗಸಿನ ಕಣ್ಣು ನೋಡಿ, ಮುಂದೆ ಹೋಗೋರ ಸೆರಗು ಹಿಡಿದು ನಿಲ್ಲಿಸುತ್ತೆ” ಅನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ ಇವರೆಲ್ಲ ಏನಾದರು ಸಾರ್ ಅಂತ ನಾನು ಕೇಳಿದ್ದಕ್ಕೆ, ಅದು ನಿಮ್ಮ ಸಿಲಬಸ್ಸಿನಲ್ಲಿಲ್ಲಮ್ಮ ಅಂದಿದ್ದರು. ಒಳ್ಳೆಯ ಮೇಷ್ಟ್ರೇ. ಪರೀಕ್ಷೆಯಲ್ಲಿ ಬಾರದ್ದರ ತಂಟೆಗೆ ಹೋಗುತ್ತಿರಲಿಲ್ಲ ಅಷ್ಟೆ.

ಪೋಸ್ಟರಿಗೆ ಒಬ್ಬಳು ಹೆಂಗಸು ಬೇಕಿತ್ತು. ಸ್ಟುಡಿಯೋ ಮುಚ್ಚಿದೆ, ಮಾಡೆಲ್ ಕರೆಸುವಂತಿಲ್ಲ, ಯಾರನ್ನಾದರೂ ಹತ್ತಿರ ನಿಂತು ನೋಡುವಂತೆಯೂ ಇಲ್ಲ. ನನ್ನ ಗಂಡನನ್ನು ಬಿಟ್ಟರೆ ನನಗೆ ಆಗ ದಿನಾ ಕಾಣುತ್ತಿದ್ದ ಮುಖಗಳು ಎರಡೇ, ಎರಡೂ ನಮ್ಮ ಹಿತ್ತಲಿನ ಮರದ ಬೇಲಿಯಾಚೆಯವು.

ಬೇಲಿಯಾಚೆಯದು ಧಾರವಾಡದ ಸಂಸಾರ. ಗಂಡ ಉಟ್ರೆಕ್ಟಿನ ಒಂದು ಕಂಪನಿಯಲ್ಲಿ ಇಂಜಿನಿಯರ್; ಆಗ ಮಹಡಿಯ ಕೋಣೆಯಲ್ಲೇ ಆಫೀಸು. ಹೆಂಡತಿ ನನಗಿಂತ ಹತ್ತು ವರ್ಷ ಚಿಕ್ಕವಳು. ಮದುವೆಗೆ ಮುಂಚೆ ಅಲ್ಲಿನ ಕಾಲೇಜಿನಲ್ಲಿ ಬಾಟನಿ ಪಾಠ ಮಾಡುತ್ತಿದ್ದಳು. ಇಲ್ಲಿ ಬಂದ ಮೇಲೆ ನಾಲ್ಕು ವರ್ಷ ಮನೆ. ಗಂಡನ ವೀಸಾದ ಮೇಲೆ ಬಂದವಳಾದರೂ ಕೆಲಸ ಮಾಡಲು ಕಾನೂನಿನ ಅಡ್ಡಿ ಇರಲಿಲ್ಲ, ಕೊಡುವವರಿರಲಿಲ್ಲ. ನರ್ಸರಿಗಳಿಗೆ, ಶಾಲೆಗಳಿಗೆ, ಕೊನೆಗೆ ಹೂವಿನಂಗಡಿಗೂ ಅರ್ಜಿ ಹಾಕಿದ್ದಳು. ನಿಮ್ಮ ಆಸಕ್ತಿಗೆ ಧನ್ಯವಾದ ಅಂತ ಎಲ್ಲ ಕಡೆಯಿಂದಲೂ ಮರ್ಯಾದೆಯ ಉತ್ತರ. ಲೈಬ್ರರಿಯಲ್ಲಿ ನಡೆಯುವ ಪುಕ್ಕಟೆ ಕ್ಲಾಸಿಗೆ ಹೋಗಿ ಡಚ್ ಕಲಿತಿದ್ದಳು, ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಳು. ಇದನ್ನು ಬರೆಯುವಾಗ ಈಗಲೂ ನನಗೆ ಸ್ವಲ್ಪ ಹೊಟ್ಟೆಯುರಿ.

ಇನ್ನೊಬ್ಬರು ಅವಳ ಅತ್ತೆ. ಮಗನ ಮನೆ ನೋಡಿಕೊಂಡು ಹೋಗೋಣ ಅಂತ ಚಳಿಗಾಲದಲ್ಲಿ ಬಂದವರು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. ಕಚ್ಚೆ ಹಾಕಿ ಸೀರೆ ಉಟ್ಟು, ಮೇಲೆ ಮಗನ ದಪ್ಪ ಜಾಕೆಟ್ ತೊಟ್ಟು, ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅತ್ತೆಗೂ ಸೊಸೆಗೂ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ಈ ಕಥೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಒಬ್ಬರ ಪಕ್ಷ ವಹಿಸಿ ಹಾಯಾಗಿ ಬೈದುಕೊಂಡಿರುತ್ತಿದ್ದೆ.

ಫೋಟೋ ತೆಗೆದದ್ದು ಬೇಲಿಯ ಮೇಲಿಂದ. ನಾನು ಈ ಕಡೆ ಸ್ಟೂಲು ಹತ್ತಿ ನಿಂತೆ. ಅವಳು ಗಂಡನ ನೀಲಿ ಅಂಗಿ ಹಾಕಿ, ತೋಳು ಮೊಣಕೈವರೆಗೆ ಮಡಚಿ, ತಲೆಗೆ ಕೆಂಪು ಕರವಸ್ತ್ರ ಕಟ್ಟಿ ಬಂದಳು. ಮುಖದ ಮೇಲೆ ಬೆಳಕು ಬೀಳಲೆಂದು ಅತ್ತೆ ಬಿಳಿ ಹಾಸಿಗೆಬಟ್ಟೆ ಹಿಡಿದು ನಿಂತರು. “ಸಿನಿಮಾದವ್ರು ಹಿಂಗ ಮಾಡ್ತಾರೇನ ತಂಗಿ? ಕೈ ಸೋತ್ವು, ಲಗೂನ ತಗಿ” ಅಂತ ನನ್ನನ್ನು ಅವಸರಪಡಿಸಿದರು. ಅವಳು ಕೈಯನ್ನು ಮೇಲೆತ್ತಿ ಮುಷ್ಟಿ ಹಿಡಿದಾಗ ಹಸಿರು ಗಾಜಿನ ಬಳೆಗಳು ಜಾರಿ ಮುಂಗೈಯ ಮಧ್ಯಕ್ಕೆ ಬಂದು ನಿಂತವು. ಮುಖದಲ್ಲಿ ನಗು ಇರಲಿಲ್ಲ. ನಾಲ್ಕು ವರ್ಷದ ಧನ್ಯವಾದಗಳೆಲ್ಲ ಆ ಕಣ್ಣಿನಲ್ಲಿದ್ದವು. ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಚೆನ್ನಾಗಿರುವುದು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಬಾಸ್ ಕುಣಿದಾಡಿದ. ಬಳೆಗಳೇ ಚಿತ್ರದ ಜೀವ ಅಂದ. ಆರೈಕೆಮನೆಯವರು ಮಾತ್ರ ಮಾರನೇ ದಿನ ಮಧ್ಯಾಹ್ನ ಫೋನ್ ಮಾಡಿ, ಬಳೆ ಇರುವಂತಿಲ್ಲ ಅಂದರು. ನಮ್ಮಲ್ಲಿ ಕೆಲಸ ಮಾಡುವವರ ಮೊಣಕೈ ಕೆಳಗೆ ಏನೂ ಇರಬಾರದು: ಉಂಗುರ ಇಲ್ಲ, ವಾಚಿಲ್ಲ, ದಾರ ಕೂಡ ಇಲ್ಲ. ಸೋಂಕಿನ ಕಾಲದಲ್ಲಿ ನಾವೇ ಬಳೆಗೈ ತೋರಿಸಿದರೆ ಹೇಗೆ? ಮಾತು ನ್ಯಾಯವಾಗಿತ್ತು. ಸಂಜೆಯೊಳಗೆ ಚಿತ್ರ ಪ್ರೆಸ್ಸಿಗೆ ಹೋಗಬೇಕಿತ್ತು. ನಾನು ಬೇಲಿಯ ಹತ್ತಿರ ಹೋಗಿ ಅವಳನ್ನು ಕರೆದು, ಹೀಗೆ ಹೀಗೆ, ಕಂಪ್ಯೂಟರಿನಲ್ಲಿ ತೆಗೆಯಲಾ ಅಂತ ಕೇಳಿದೆ.

“ಚಿತ್ರದಾಗ ಅಲ್ಲೇನ್ರಿ ಅಕ್ಕಾರ? ತಗೀರಿ ತಗೀರಿ. ಅತ್ತಿ ಮುಂದ ಏನ್ ಹೇಳೂದು ಬ್ಯಾಡ” ಅಂದಳು.

ಗಾಜಿನ ಬಳೆಯನ್ನು ಚಿತ್ರದಿಂದ ಅಳಿಸುವುದು ಸುಲಭವಲ್ಲ. ಬಳೆಗೊಂದು ನೆರಳು, ನೆರಳಿನೊಳಗೆ ಒಂದು ಹೊಳಪು, ಬಳೆ ಒತ್ತಿದ ಕಡೆ ಚರ್ಮದ ಮೇಲೊಂದು ಗೆರೆ. ಬಳೆ ಹೋದ ಮೇಲೂ ಗೆರೆ ಉಳಿಯಿತು. ಅದನ್ನೂ ಉಜ್ಜಿದೆ. ಮುಗಿಸಿ ದೂರದಿಂದ ನೋಡಿದಾಗ ಮನಸ್ಸಿಗೆ ಪಿಚ್ಚೆನಿಸಿತು. ನಮ್ಮ ಕಡೆ ಬಳೆಯಿಲ್ಲದ ಕೈಗೆ ಏನರ್ಥ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ನಾನೇ ಬಳೆ ಹಾಕುವವಳಲ್ಲ, ಹಾಗಾಗಿ ಈ ಪಿಚ್ಚಿಗೆ ಅರ್ಥವಿಲ್ಲ ಅಂದುಕೊಂಡು ಕಳಿಸಿಬಿಟ್ಟೆ. ಕೆಳಗೆ ದಪ್ಪ ಅಕ್ಷರದಲ್ಲಿ ಡಚ್ ಭಾಷೆಯಲ್ಲಿ ಬರೆದಿತ್ತು: ನಮಗೆ ನಿಮ್ಮ ಕೈಗಳು ಬೇಕು.

ಏಪ್ರಿಲ್ ಮೊದಲ ವಾರ ಪೋಸ್ಟರ್ ಎದ್ದು ನಿಂತಿತು. ಅವಳು ಸೈಕಲ್ಲಿನಲ್ಲಿ ಹೋಗಿ ನಮ್ಮ ರಸ್ತೆಯ ಕೊನೆಯ ಬಸ್ ಸ್ಟಾಪಿನಲ್ಲಿ ತನ್ನನ್ನು ತಾನೇ ನೋಡಿಕೊಂಡು ಬಂದಳು. ಎರಡು ದಿನ ಬೇಲಿ ಹತ್ತಿರ ಕಾಣಿಸಲಿಲ್ಲ. ಮೂರನೇ ದಿನ ಬಂದು, “ಅಕ್ಕಾರ, ಆ ನಂಬರಿಗೆ ನಾನ ಫೋನ್ ಮಾಡಿದ್ನಿ” ಅಂದಳು.

“ಯಾವ ನಂಬರಿಗೆ?”

“ನನ್ನ ಫೋಟೋದ ಕೆಳಗ ಐತಲ್ರಿ, ಆ ನಂಬರಿಗೆ. ಸೋಮವಾರದಿಂದ ಬಾ ಅಂದ್ರು.”

ನಮ್ಮ ಕಸುಬಿನಲ್ಲಿ ಜಾಹೀರಾತು ಮಾಡಿದವರು ಅದನ್ನು ನಂಬುವುದಿಲ್ಲ, ಅದರಲ್ಲಿ ನಿಂತವರಂತೂ ಇಲ್ಲವೇ ಇಲ್ಲ. ಇವಳು ನಂಬಿದಳು. ಮನೆಯಲ್ಲಿ ಗಂಡ ಹೆದರಿದನಂತೆ. ಅವಳ ಜೊತೆ ನಿಂತದ್ದು ಅತ್ತೆ. “ವಯಸ್ಸಾದವ್ರಿಗೆ ಉಣಿಸೂ ಕೆಲಸಕ್ಕ ಬ್ಯಾಡ ಅನ್ನಬಾರ್ದು, ಹೋಗ್ಲಿ ಬಿಡು” ಅಂದರಂತೆ. ಮೂರು ತಿಂಗಳ ತಾತ್ಕಾಲಿಕ ಕೆಲಸ. ಚೆನ್ನಾಗಿ ಮಾಡಿದರೆ ಮುಂದುವರಿಸುತ್ತಾರೆ ಅಂತ ಬಾಯಿಮಾತಿನಲ್ಲಿ ಹೇಳಿದ್ದರು. ಮುಂದುವರಿಸುತ್ತಾರೆ ಅನ್ನುವ ಆ ಮಾತನ್ನು ಅವಳು ನನಗೆ ಬೇರೆ ಬೇರೆ ದಿನ ಎಷ್ಟು ಸಲ ಹೇಳಿದಳೋ.

ಬಳೆಯ ವಿಷಯ ಅತ್ತೆಗೆ ಹೇಳಲೇ ಇಲ್ಲ. ಕೈಗವಸು ಹಾಕ್ಕೋತೀನಿ ಅಂತಷ್ಟೇ ಅಂದಳು. ಬೆಳಿಗ್ಗೆ ಬಳೆ ತೊಟ್ಟೇ ಸೈಕಲ್ ಹತ್ತುತ್ತಿದ್ದಳು. ಅಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೈಗೆ ಕ್ರೀಮು ಸವರಿ, ಬಳೆಗಳನ್ನು ಒಂದೊಂದೇ ಜಾರಿಸಿ ಊಟದ ಡಬ್ಬಿಯಲ್ಲಿಡುತ್ತಿದ್ದಳು. ಸಂಜೆ ಮತ್ತೆ ತೊಟ್ಟು ಬರುತ್ತಿದ್ದಳು.

ಆ ಏಪ್ರಿಲ್ಲಿನಲ್ಲಿ ಅವಳು ಬೇಲಿಯ ಬಳಿ ನಿಂತು ಹೇಳುತ್ತಿದ್ದ ಸುದ್ದಿಗಳಿಗಾಗಿ ನಾನು ಕಾಯುತ್ತಿದ್ದೆ. ಸಾಯುವವರ ಸುದ್ದಿಯೂ ಇರುತ್ತಿತ್ತು, ಆದರೆ ಅವಳ ಮುಖದಲ್ಲಿ ಬೇರೆ ಏನೋ ಬಂದಿತ್ತು. ಬೆನ್ನು ನೆಟ್ಟಗಾಗಿತ್ತು. ತೊಂಬತ್ತು ದಾಟಿದ ಒಬ್ಬ ಅಜ್ಜಿಗೆ ಇವಳೇ ಬೇಕಂತೆ. ಬೇರೆ ಯಾರು ತಿನ್ನಿಸಿದರೂ ಬಾಯಿ ಬಿಗಿಹಿಡಿಯುವ ಮುದುಕಿ, ಇವಳ ಚಮಚಕ್ಕೆ ಮಾತ್ರ ವ್ಲಾ ತಿನ್ನುತ್ತಿತ್ತಂತೆ. ವ್ಲಾ ಅಂದರೆ ಇಲ್ಲಿಯವರ ಕಸ್ಟರ್ಡು. ಸಕ್ಕರೆ ಹಾಕಿದ ಗಂಜಿ ಅನ್ನುತ್ತಿದ್ದಳು ಇವಳು. ಆ ಅಜ್ಜಿ ಹುಡುಗಿಯಾಗಿದ್ದಾಗ ಪೋಸ್ಟಾಫೀಸಿನಲ್ಲಿ ಕೆಲಸಕ್ಕಿತ್ತು. ಮದುವೆಯಾದ ಹೆಂಗಸರು ಸರ್ಕಾರಿ ಕೆಲಸದಲ್ಲಿ ಇರುವಂತಿಲ್ಲ ಅಂತ ಆಗಿನ ಕಾನೂನು, ಹಾಗಾಗಿ ಮದುವೆಯ ಜೊತೆಗೇ ಕೆಲಸವೂ ಹೋಯಿತು.

“ನಿನಗ ಮದಿವಿ ಆಗೇತೇನ ಅಂತ ದಿನಾ ಕೇಳ್ತಾಳ್ರಿ. ಹೂಂ ಅಂದ್ರ, ಆದ್ರೂ ಕೆಲಸಕ್ಕ ಇಟಗೊಂಡಾರೇನ ಅಂತ ಗಾಬರಿ ಆಗ್ತಾಳ. ದಿನಾ ಹೊಸದಾಗಿ ಗಾಬರಿ” ಅಂತ ನಗುತ್ತಿದ್ದಳು.

ಮೇ ತಿಂಗಳ ಆರಂಭದಲ್ಲಿ ಅವಳ ಗಂಡನಿಗೆ ಜ್ವರ ಬಂತು. ವಾರ ಕಳೆಯುವಷ್ಟರಲ್ಲಿ ಉಸಿರಾಟಕ್ಕೆ ಕಷ್ಟವಾಗಿ ಆಂಬುಲೆನ್ಸ್ ಬಂತು. ಮೈತುಂಬ ಪ್ಲಾಸ್ಟಿಕ್ ತೊಟ್ಟ ಇಬ್ಬರು ಅವನನ್ನು ಕರೆದುಕೊಂಡು ಹೋಗುವುದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಬಾಗಿಲಲ್ಲಿ ಅತ್ತೆ ಸೊಸೆ ನಿಂತಿದ್ದರು. ಹತ್ತಿರ ಹೋಗುವಂತಿರಲಿಲ್ಲ, ಏನಾದರೂ ಬೇಕಾ ಅಂತ ಕೂಗಿ ಕೇಳುವುದಕ್ಕೂ ನಾಚಿಕೆಯಾಯಿತು. ಸಾರು ಅನ್ನ ಮಾಡಿ ಬೇಲಿಯ ಮೇಲಿಟ್ಟು, ಒಳಗೆ ಬಂದು, ನನ್ನ ಗಂಡನ ಮೇಲೆ ಕಾರಣವಿಲ್ಲದೆ ರೇಗಾಡಿದೆ.

ಆ ಮನೆಯಿಂದ ದಿನಾ ಹೊರಗೆ ಹೋಗಿ ಬರುತ್ತಿದ್ದದ್ದು ಅವಳೊಬ್ಬಳೇ. ಕಾಯಿಲೆ ಅವಳ ಜೊತೆ ಬಂತೋ, ಗಂಡ ಯಾವಾಗಲೋ ಒಮ್ಮೆ ಹೋಗಿದ್ದ ಅಂಗಡಿಯಿಂದ ಬಂತೋ ಹೇಳುವುದಕ್ಕೆ ಯಾರಿಗೂ ಆಗುವುದಿಲ್ಲ. ಅವಳಿಗೆ ಟೆಸ್ಟಿನಲ್ಲಿ ಏನೂ ಇರಲಿಲ್ಲ. ಅತ್ತೆ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಲಿಲ್ಲ ಅನ್ನುವುದೇ ತನಗೆ ತಡೆಯಲಾಗುತ್ತಿಲ್ಲ ಅಂತ ಅವಳು ಫೋನಿನಲ್ಲಿ ಅತ್ತಳು. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ ನರ್ಸ್ ಒಬ್ಬಳು ಟ್ಯಾಬ್ಲೆಟ್ಟಿನಲ್ಲಿ ವಿಡಿಯೋ ಕಾಲ್ ಮಾಡಿ ಅವನ ಮುಖ ತೋರಿಸುತ್ತಿದ್ದಳು. ಕೆಲವು ದಿನ ಅವನು ಕಣ್ಣು ತೆರೆಯುತ್ತಿದ್ದ, ಕೆಲವು ದಿನ ಯಂತ್ರದ ಸದ್ದು ಮಾತ್ರ ಕೇಳಿಸುತ್ತಿತ್ತು.

ಮನೆಯೊಳಗೇ ಇರಬೇಕಾದ ಹದಿನಾಲ್ಕು ದಿನ ಮುಗಿದ ಸಂಜೆ ಅತ್ತೆ ಮೊದಲ ಬಾರಿಗೆ ಹೊರಗೆ ಕಾಲಿಟ್ಟರು. ಕೂತಲ್ಲಿ ಕೂರಲಾಗದೆ ರಸ್ತೆಯ ಕೊನೆಯವರೆಗೆ ನಡೆದು ಹೋದವರು, ಅಲ್ಲಿ ಗಾಜಿನೊಳಗೆ ನಿಂತ ಸೊಸೆಯನ್ನು ನೋಡಿದರು. ಕಾಯಿಲೆಯ ಹೆದರಿಕೆಗೆ ಮೊದಲಿನಿಂದಲೂ ಹಿತ್ತಲು ಬಿಟ್ಟು ಹೋಗದಿದ್ದ ಅವರು ಅಲ್ಲಿಯವರೆಗೆ ನೋಡಿದ್ದದ್ದು ನನ್ನ ಫೋನಿನಲ್ಲಿದ್ದ ಮೂಲ ಫೋಟೋ, ಬಳೆ ಇದ್ದದ್ದು. ಈಗ ಕಂಡದ್ದು ಆಳೆತ್ತರದ ಸೊಸೆ, ಎತ್ತಿದ ಕೈ, ಬರೀ ಚರ್ಮ. ಮಗ ಆಸ್ಪತ್ರೆಯಲ್ಲಿ ಮಲಗಿದ್ದಾನೆ.

ಅವರು ನಮ್ಮ ಮನೆ ಬೆಲ್ ಒತ್ತಿ, ಮೆಟ್ಟಿಲಿಳಿದು ದೂರ ನಿಂತರು. ಮುಖದಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾದದ್ದು.

“ಅಲ್ಲಿ ಆಕಿ ಕೈ ಯಾಕ ಬೋಳ್ ಐತಿ ತಂಗಿ?”

“ಅಮ್ಮಾ, ಅದು ಕಂಪ್ಯೂಟರಲ್ಲಿ ತೆಗೆದಿದ್ದು. ಆರೈಕೆಮನೆಯವರ ರೂಲ್ಸು ಹಾಗೆ. ಅವಳ ಕೈಯಲ್ಲಿ ಬಳೆ ಇದೆಯಲ್ಲಾ, ನೀವೇ ನೋಡ್ತಿದ್ದೀರಲ್ಲ.”

“ರೂಲ್ಸ್ ಹಂಗ ಅಂದ್ರ, ಆಕಿ ಅಲ್ಲಿ ಹೋದಾಗೂ ತಗೀತಿದ್ಲಲ್ಲ?”

ನಾನು ಅವರ ಕಣ್ಣು ತಪ್ಪಿಸಿ ಬಾಗಿಲ ಬಳಿಯ ಚಪ್ಪಲಿ ಜೋಡಿಸತೊಡಗಿದೆ. ಅವರಿಗೆ ಅಷ್ಟು ಸಾಕಾಯಿತು. “ನೀನ ತಗದೀ ಅಂದ್ರ ನೀನ ಹಾಕು. ನನಗ ಬ್ಯಾರೆ ಯಾರ್ ಗೊತ್ತ ಅದಾರ ಈ ಊರಾಗ?” ಅಂದರು.

ಮಾರನೇ ದಿನ ಬಾಸ್‌ಗೆ ಫೋನ್ ಮಾಡಿ, ಆ ಒಂದು ಬಸ್ ಸ್ಟಾಪಿನ ಪೋಸ್ಟರನ್ನಾದರೂ ತೆಗೆಸು ಅಂತ ಕೇಳಿದೆ. ಕಾರಣ ಹೇಳುವಾಗ ನನ್ನ ಡಚ್ಚೂ ಸಾಲಲಿಲ್ಲ, ಇಂಗ್ಲಿಷೂ ಸಾಲಲಿಲ್ಲ. ಬಳೆ ಇಲ್ಲದ ಕೈ ಅಂದರೆ ಗಂಡ ಇಲ್ಲದವಳು ಅಂತ, ಆ ಗಂಡ ಈಗ ಐಸಿಯುನಲ್ಲಿದ್ದಾನೆ ಅಂತ. ಅವನು ಒಳ್ಳೆಯವನೇ, ಕೇಳಿಸಿಕೊಂಡ, ಬೇಸರವನ್ನೂ ಪಟ್ಟ. ಆದರೆ ಸಾಮಾನ್ಯ ದಿನಗಳಲ್ಲಿ ವಾರಕ್ಕೊಮ್ಮೆ ಪೋಸ್ಟರ್ ಬದಲಾಗುತ್ತದೆ, ಈಗ ಹೊಸ ಜಾಹೀರಾತು ಕೊಡುವವರೇ ಇಲ್ಲದ್ದರಿಂದ ಹಳೆಯದನ್ನು ತೆಗೆಯುವವರೂ ಇಲ್ಲ. ಪೆಟ್ಟಿಗೆಯ ಬೀಗದ ಕೈ ಇರುವ ಕಂಪನಿಯವರು ಮನೆಯಲ್ಲಿ ಕೂತಿದ್ದಾರೆ. ಹಣ ಕೊಡದೆ ಇಷ್ಟು ವಾರ ನಿಂತಿರುವ ಪೋಸ್ಟರ್ ನಮ್ಮ ಅದೃಷ್ಟ ಅಂತ ಕೊನೆಗೆ ಬಾಯಿ ತಪ್ಪಿ ಅಂದ. ನಾನು ಫೋನಿಟ್ಟೆ. ಆ ಮೇಲೆ ಮೂಲ ಚಿತ್ರವನ್ನು ಮನೆಯ ಪ್ರಿಂಟರಿನಲ್ಲಿ, ಬಳೆಗಳ ಸಮೇತ, ಪುಟದ ಅಳತೆಗೆ ಪ್ರಿಂಟ್ ಮಾಡಿ ಬೇಲಿಯಾಚೆ ಕೊಟ್ಟೆ. ಅತ್ತೆ ಅದನ್ನು ಹಿಡಿದು ನೋಡಿ, “ಇದನ್ನ ಮನ್ಯಾಗ ಇಟಗೊಂಡ್ರ ಏನಾತು? ಊರ ಮಂದಿ ನೋಡೂದು ಅದನ್ನ” ಅಂದರು.

ಅದೇ ಸಂಜೆ ಅವರ ಜೊತೆ ನಾನು ಬಸ್ ಸ್ಟಾಪಿಗೆ ಹೋದೆ, ನಡುವೆ ಒಂದೂವರೆ ಮೀಟರ್ ಬಿಟ್ಟು. ಏಳು ಗಂಟೆಯಾಗಿದ್ದರೂ ಬಿಸಿಲು ಚುರುಗುಟ್ಟುತ್ತಿತ್ತು. ಅವರು ಜಾಕೆಟ್ಟಿನ ಜೇಬಿನಿಂದ ಅರಿಶಿನ ಕುಂಕುಮದ ಭರಣಿಗಳನ್ನು ತೆಗೆದರು, ಗಾಜಿನ ಮೇಲೆ ಸೊಸೆಯ ಹಣೆ ಇದ್ದ ಕಡೆ ಹಚ್ಚಲು ಹೋದರೆ ಎಟುಕಲಿಲ್ಲ. ಮಣಿಕಟ್ಟು ಎಟುಕಿತು. ಮೊದಲು ಅರಿಶಿನ, ಅದರ ಮೇಲೆ ಕುಂಕುಮ, ಬೆರಳಿನಿಂದ ಒಂದು ಅಡ್ಡ ಗೆರೆ ಎಳೆದರು. ಗಾಜು ನುಣ್ಣಗಿದ್ದು ಪುಡಿ ಉದುರುತ್ತಿತ್ತು. ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಮತ್ತೆ ಎಳೆದರು. ಊರೆಲ್ಲ ಕೈ ತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಊರಿನ ಗಾಜಿಗೆ ಎಂಜಲ ಬೆರಳು. ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬಾಕೆ ನಿಂತು ನೋಡಿ, ರಸ್ತೆಯ ಆಚೆ ಬದಿಗೆ ದಾಟಿಕೊಂಡಳು. ನಾನು ತಡೆಯಲಿಲ್ಲ. ಇದರಲ್ಲಿ ನನಗೆ ನಂಬಿಕೆಯಿಲ್ಲ, ಆದರೂ ಆ ಪುಡಿ ಗಾಜಿಗೆ ಅಂಟಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಮಾರನೆಯ ವಾರ ಆರೈಕೆಮನೆಯಿಂದ ಅವಳಿಗೆ ಫೋನ್ ಬಂತು. ಅವಳ ತಂಡದ ಮುಖ್ಯಸ್ಥೆ, ನಿನ್ನ ಮನೆಯ ಕಷ್ಟ ಗೊತ್ತು, ಆದರೂ ಅರ್ಧ ದಿನವಾದರೂ ಬರಲಾಗುತ್ತದಾ, ಅಜ್ಜಿ ನಿನ್ನ ಹೊರತು ಯಾರ ಕೈಯಲ್ಲೂ ತಿನ್ನುತ್ತಿಲ್ಲ ಅಂತ ಕೇಳಿದಳಂತೆ. ಅವಳು ಬೇಲಿಗೆ ಬಂದು ಇದನ್ನು ಹೇಳಿದಾಗ ಎರಡೂ ಕೈಯಲ್ಲಿ ಮೊದಲಿಗಿಂತ ಹೆಚ್ಚು ಬಳೆಗಳಿದ್ದವು. ಅತ್ತೆ ತಮ್ಮವನ್ನೂ ಒಂದೆರಡು ತೆಗೆದು ತೊಡಿಸಿದ್ದರು. ಅವನು ಮನೆಗೆ ಬರೋತನಕ ಇವು ಕೈಯಿಂದ ಇಳಿಯಬಾರದು ಅಂದಿದ್ದರು.

“ಹೋಗು. ಅತ್ತೆ ಹತ್ರ ನಾನು ಮಾತಾಡ್ತೀನಿ” ಅಂದೆ. ಆ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುವ ಧೈರ್ಯ ನನಗಿರಲಿಲ್ಲ, ಆದರೂ ಅಂದೆ.

“ಅತ್ತಿ ಮಾತಷ್ಟ ಅಲ್ರಿ ಅಕ್ಕಾರ” ಅಂದಳು. “ನಾ ಸೈನ್ಸ್ ಓದಿದಾಕಿ. ಬಳಿಗೂ ಉಸಿರಿಗೂ ಸಂಬಂಧ ಇಲ್ಲಂತ ನನಗ ಗೊತ್ತೈತಿ. ಮುಂಜಾನೆ ಕ್ರೀಮ್ ಹಚಗೊಂಡು ಕುಂತಿದ್ನಿ. ಒಂದ್ ಬಳಿ ಬೆರಳತನಾ ಬಂತು. ಆಮ್ಯಾಲೆ ತಗ್ಯಾಕ ಆಗ್ಲಿಲ್ರಿ. ನಾ ತಗದೆ, ಅಲ್ಲಿ ಏನರ ಆತು ಅಂದ್ರ?”

ಅಜ್ಜಿಯ ಮಾತನ್ನೂ ಅವಳೇ ಎತ್ತಿದಳು, ಅಲ್ಲಿ ಹೋದರೆ ಇಲ್ಲಿ ಅಂಜಿಕೆ, ಇಲ್ಲಿ ಕೂತರೆ ಅಲ್ಲಿ ಒಬ್ಬಳು ಬಾಯಿ ಮುಚ್ಚಿಕೊಂಡು ಮಲಗಿದ್ದಾಳೆ ಅಂತ. ಬೇಲಿಯ ಎರಡೂ ಬದಿಗೆ ನಾವಿಬ್ಬರು ಓದಿದ ಹೆಂಗಸರು ಆ ಬಳೆಗಳನ್ನೇ ನೋಡುತ್ತಿದ್ದೆವು. ಅವಳು ಹೋಗಲಿಲ್ಲ. ಅದಾಗಿ ಕೆಲವು ದಿನಕ್ಕೆ ಅಜ್ಜಿ ತೀರಿಕೊಂಡಿತು. ಕೊನೆಗೆ ಯಾರು ತಿನ್ನಿಸಿದರು ಅಂತ ಅವಳು ಫೋನಿನಲ್ಲಿ ಕೇಳಿದಳಂತೆ. ಆ ಕಡೆಯವರು ಬೇರೆ ಮಾತು ತೆಗೆದರಂತೆ.

ಜೂನ್ ಕೊನೆಗೆ ಅವಳ ಗಂಡ ಮನೆಗೆ ಬಂದ. ಬಟ್ಟೆಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಅನ್ನುವ ಹಾಗಿದ್ದ. ಟ್ಯಾಕ್ಸಿಯಿಂದ ಬಾಗಿಲವರೆಗಿನ ದೂರಕ್ಕೆ ಎರಡು ಕಡೆ ನಿಂತು ಸುಧಾರಿಸಿಕೊಂಡ. ನಾನು ಕಿಟಕಿಯ ಹಿಂದೆ ನಿಂತು, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡೆ.

ಅವನು ಬಂದ ಎರಡನೇ ದಿನ ಹಿತ್ತಲಲ್ಲಿ ಅತ್ತೆ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ, ಸೋಪಿನ ನೀರಿನ ಬೋಗುಣಿ ಪಕ್ಕದಲ್ಲಿಟ್ಟುಕೊಂಡು, ಅವಳ ಕೈಯಿಂದ ಬಳೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ನಾನು ಬಟ್ಟೆ ಒಣಗಿಸಲು ಹೊರಗೆ ಬಂದವಳು ಬೆಚ್ಚಿ ನಿಂತೆ. ನನ್ನ ಮುಖ ನೋಡಿ ಅವರೇ ಹೇಳಿದರು.

“ಯಾಕ ಹಂಗ ನೋಡ್ತೀ? ಕೆಲಸಕ್ಕ ಹೋಗ್ಲಿ ಅಂತ ತಗ್ಯಾಕತ್ತೀನಿ. ದಿನಾ ಆ ಫೋನಿನ್ಯಾಗ ಆ ನರ್ಸ್ ಹುಡಿಗಿ ನನ್ನ ಮಗನ ಹಣಿ ಮುಟ್ಟಿ ತೋರಸ್ತಿದ್ಲು. ಆಕಿ ಕೈಗವಸಿನ್ಯಾಗ ಬಳಿ ಇದ್ದಿಲ್ಲ, ಏನಿದ್ದಿಲ್ಲ, ಬರೀ ಕೈ. ಆ ಬರೀ ಕೈನ ನನ್ನ ಮಗನ್ನ ಉಳಸ್ತು. ಇನ್ನೊಬ್ರ ಮಗಳ ಕೈ ಬೋಳ್ ಇರಬೇಕು, ನನ್ನ ಸೊಸಿ ಕೈ ತುಂಬ ಇರಬೇಕು ಅಂದ್ರ ಹೆಂಗ?”

ಸೊಸೆ ತಲೆ ಬಗ್ಗಿಸಿ ಕೂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ. ಇಂಥ ಮಾತನ್ನು ನಾನು ಯಾವ ಪೋಸ್ಟರಿನಲ್ಲೂ ಬರೆಯಲಾರೆ ಅಂತ ಅನ್ನಿಸಿತು. ಬಟ್ಟೆ ಒಣಗಿಸುವುದನ್ನು ಬಿಟ್ಟು ಒಳಗೆ ಬಂದೆ.

ಮರುದಿನವೇ ಅವಳು ಆರೈಕೆಮನೆಗೆ ಫೋನ್ ಮಾಡಿದಳು. ಸೋಮವಾರದಿಂದ ಬರುತ್ತೇನೆ ಅಂದಳು. ಮುಖ್ಯಸ್ಥೆ ಬಹಳ ಪ್ರೀತಿಯಿಂದ ಮಾತಾಡಿದಳಂತೆ. ಗಂಡ ಹೇಗಿದ್ದಾನೆ ಅಂತ ಕೇಳಿದಳು. ಆಮೇಲೆ, ಕಾಯಿಲೆ ಬಿದ್ದಿದ್ದ ನಮ್ಮ ಹಳೆಯ ಸಿಬ್ಬಂದಿಯೆಲ್ಲ ವಾಪಸು ಬಂದಿದ್ದಾರೆ, ಎಷ್ಟೋ ಕೋಣೆಗಳು ಖಾಲಿ ಇವೆ, ಹೆಚ್ಚಿನ ಕೈಗಳು ಸದ್ಯಕ್ಕೆ ಬೇಕಾಗಿಲ್ಲ ಅಂದಳು. ಇವಳ ಒಪ್ಪಂದದ ಮೂರು ತಿಂಗಳು ಇನ್ನು ಕೆಲವೇ ದಿನಕ್ಕೆ ಮುಗಿಯುತ್ತಿದ್ದವು. ಮುಂದೆ ಕೆಲಸ ಬೇಕೆಂದರೆ ಇಲ್ಲಿಯ ಆರೈಕೆ ಡಿಪ್ಲೊಮಾ ಇರಬೇಕು. ಡಿಪ್ಲೊಮಾಗೆ ಸೇರಲು ಅವಳಿಗಿದ್ದದ್ದಕ್ಕಿಂತ ಮೇಲಿನ ಮಟ್ಟದ ಡಚ್ ಪರೀಕ್ಷೆ ಪ್ಯಾಸಾಗಿರಬೇಕು. ಆ ಪರೀಕ್ಷೆ ನಡೆಸುವ ಕೇಂದ್ರಗಳು ಆಗ ಮುಚ್ಚಿದ್ದವು. ಶುಕ್ರವಾರ ಅವಳ ಮನೆ ಬಾಗಿಲಿಗೆ ದೊಡ್ಡ ಹೂಗುಚ್ಛ ಬಂತು, ಧನ್ಯವಾದ ಅಂತ ಬರೆದ ಕಾರ್ಡಿನ ಜೊತೆ. ಅತ್ತೆ ಆ ಹೂಗಳಿಂದ ಕೆಲವನ್ನು ಕಿತ್ತು ದೇವರಿಗಿಟ್ಟರು. ಮಿಕ್ಕವನ್ನು ಎಲ್ಲಿಡಬೇಕು ಅಂತ ಆ ಮನೆಯಲ್ಲಿ ಯಾರಿಗೂ ತೋಚಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಬಾಸ್ ಕೈಲಿ ಮಾತಾಡಿಸಿದೆ, ಆರೈಕೆಮನೆಯ ಜಾಹೀರಾತು ವಿಭಾಗದವಳಿಗೆ ಉದ್ದದ ಮೇಲ್ ಬರೆದೆ. ನಿಮ್ಮ ಪೋಸ್ಟರಿನ ಮುಖವೇ ಇವಳದು, ಇವಳನ್ನೇ ಹೇಗೆ ಕಳಿಸುತ್ತೀರಿ ಅಂತ ಕೇಳಿದೆ. ಎಲ್ಲರೂ ನನ್ನ ಮಾತು ಒಪ್ಪಿದರು. ಒಪ್ಪಿ ಸುಮ್ಮನಾದರು. ಯಾರಾದರೂ ಒಬ್ಬರು ಕೆಟ್ಟದಾಗಿ ಮಾತಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಆಗಸ್ಟ್ ಕೊನೆಗೆ ಅತ್ತೆಗೆ ವಿಮಾನ ಸಿಕ್ಕಿತು. ಹೋಗುವಾಗ ಬೇಲಿಯಾಚೆಯಿಂದ ನನಗೆ ಕೈ ಮುಗಿದು, “ಆಕಿನ್ನ ನೋಡ್ಕೋ ತಂಗಿ. ಏನರ ಕೆಲಸ ಹಚ್ಚಿ ಕೊಡು” ಅಂದರು. ಹೂಂ ಅಮ್ಮಾ ಅಂದೆ. ಹೂಂ ಅನ್ನುವುದಕ್ಕೆ ಏನು ಖರ್ಚು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಬಾಸ್ ಉತ್ಸಾಹದಲ್ಲಿ ಫೋನ್ ಮಾಡಿದ. ಆರೈಕೆಮನೆಯವರು ಡಿಪ್ಲೊಮಾ ಓದುವ ಹುಡುಗ ಹುಡುಗಿಯರನ್ನು ಸೇರಿಸಿಕೊಳ್ಳಲು ಹೊಸ ಪ್ರಚಾರ ಶುರು ಮಾಡುತ್ತಿದ್ದಾರೆ. ಹಳೆಯ ಪೋಸ್ಟರ್ ಜನರ ಮನಸ್ಸಿನಲ್ಲಿ ನಿಂತುಬಿಟ್ಟಿದೆಯಂತೆ, ಅದೇ ಚಿತ್ರ ಇನ್ನೊಂದು ವರ್ಷಕ್ಕೆ ಬೇಕಂತೆ. ಕೆಳಗಿನ ಅಕ್ಷರ ಮಾತ್ರ ಬದಲಾಗುತ್ತದೆ. ಅವಳ ಒಪ್ಪಿಗೆ ಬೇಕು, ನೀನೇ ಕೇಳಿಬಿಡು ಅಂದ.

ಇದನ್ನು ನಾನು ಹೇಗೆ ಕೇಳಲಿ ಅಂತ ಎರಡು ದಿನ ಬೇಲಿಯ ಕಡೆ ಹೋಗಲಿಲ್ಲ. ಬೇಡ ಅಂದುಬಿಡಲಿ, ಮುಖಕ್ಕೆ ಉಗಿಯಲಿ, ಅದನ್ನು ಹಾಗೆಯೇ ಅವರಿಗೆ ಮುಟ್ಟಿಸುತ್ತೇನೆ ಅಂದುಕೊಂಡು ಕೊನೆಗೆ ಹೋದೆ. ಅವಳು ಕುಂಡದಲ್ಲಿ ಮೆಂತ್ಯ ಬಿತ್ತುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿದಳು. ಮಣ್ಣು ಮುಚ್ಚಿ, ನೀರು ಚಿಮುಕಿಸಿ, ಕೈ ಒರೆಸಿಕೊಂಡಳು.

“ಹಾಕ್ಕೊಳ್ಳಿ ಅನ್ರಿ ಅಕ್ಕಾರ” ಅಂದಳು. “ನನ್ನ ಫೋಟೋಕ್ಕರ ಕೆಲಸ ಇರ್ಲಿ.”